ಎರಡು ಬೆರಳಿನ ಸಂದು

ಈಚೆಗೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ರಸ್ತೆ ಬದಿಯಲ್ಲಿ ಪಿಕಪ್ ಗಾಡಿ ನಿಂತಿರುವುದು ಕಂಡರೆ ಸಾಕು, ಅದರ ಹಿಂದೆ ಹೋಗಿ, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು ಅಡಿಗೆ ಇಣುಕುತ್ತೇನೆ. ಮೊನ್ನೆ ಹುಣಸೂರಿನಲ್ಲಿ ಹೀಗೇ ಇಣುಕುತ್ತಿದ್ದಾಗ, ಟೀ ಕುಡಿಯುತ್ತಿದ್ದ ಡ್ರೈವರ್ ಲೋಟ ಹಿಡಿದುಕೊಂಡೇ ಓಡಿಬಂದ.

"ಯಾರ್ರೀ ಅದು? ಸ್ಟೆಪ್ನಿ ಬಿಚ್ತಾ ಇದ್ದೀರಾ?"

ಎದ್ದು ನಿಂತೆ. ತಲೆ ನರೆತಿದೆ, ಕನ್ನಡಕವಿದೆ, ಜೇಬಿನಲ್ಲಿ ಪೆನ್ನಿದೆ. ಇಂಥವನು ಸ್ಟೆಪ್ನಿ ಕದ್ದು ಎಷ್ಟು ದೂರ ಹೊತ್ತಾನು ಅನ್ನಿಸಿತೋ ಏನೋ, ಅವನು ದನಿ ತಗ್ಗಿಸಿದ. "ಏನಿಲ್ಲಪ್ಪ, ನಿನ್ನ ಗಾಡಿಗೆ ಹೆಲ್ಪರ್ ಪ್ಲೇಟು ಹೆಂಗೆ ಹಾಕ್ಸಿದ್ದೀಯ ಅಂತ ನೋಡ್ತಿದ್ದೆ" ಎಂದೆ. "ಮೇಷ್ಟ್ರಾ?" ಎಂದ. ಹೌದೆಂದೆ. "ಅಂಗನ್ನಿ ಮತ್ತೆ" ಎಂದು ಟೀ ಅಂಗಡಿಗೆ ವಾಪಸಾದ. ಮೇಷ್ಟ್ರು ಏನು ಮಾಡಿದರೂ ನಮ್ಮ ಕಡೆ ಮಾಫಿ ಇದೆ.

ಅವನ ಊಹೆ ಸರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಕಪ್ಪು ಹಲಗೆಯ ಮೇಲಿನ ಮೊಳೆಗೆ ಒಂದು ಸ್ಪ್ರಿಂಗ್ ನೇತುಹಾಕಿ, ಅದಕ್ಕೆ ತೂಕದ ಕಲ್ಲು ಸಿಕ್ಕಿಸಿ, ಭಾರ ಎರಡರಷ್ಟಾದರೆ ಹಿಗ್ಗುವುದೂ ಎರಡರಷ್ಟು ಎಂದು ತೋರಿಸುವುದು ನನ್ನ ಮೆಚ್ಚಿನ ಪಾಠವಾಗಿತ್ತು. ಮೂವತ್ತು ವರ್ಷವೂ ಅದೇ ಸ್ಪ್ರಿಂಗು. ಕೊನೆಕೊನೆಗೆ ಅದು ಎಳೆದು ಬಿಟ್ಟರೂ ವಾಪಸು ಹೋಗದಷ್ಟು ಸೋತುಹೋಗಿತ್ತು. ಆದರೂ ಉತ್ತರ ಮಾತ್ರ ಸರಿಯಾಗಿಯೇ ಬರುತ್ತಿತ್ತು, ಯಾಕೆಂದರೆ ಉತ್ತರವನ್ನು ನಾನು ಮೊದಲೇ ಹಲಗೆಯ ಮೂಲೆಯಲ್ಲಿ ಬರೆದಿಟ್ಟಿರುತ್ತಿದ್ದೆ. ಹೀಗಾಗಿ ಸ್ಪ್ರಿಂಗಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಧೈರ್ಯ ನನಗಿತ್ತು. ನನ್ನ ತಂಗಿ ರತ್ನಳೂ ಹಾಗೇ ನಂಬಿಬಿಟ್ಟಿದ್ದಳು. ಪಾಪ, ಅವಳು ನನ್ನ ಕ್ಲಾಸಿನಲ್ಲಿ ಕೂತವಳಲ್ಲ.

ರತ್ನ ನನಗಿಂತ ಎಂಟು ವರ್ಷ ಚಿಕ್ಕವಳು. ಎಚ್.ಡಿ. ಕೋಟೆ ತಾಲೂಕಿನಲ್ಲಿ, ಎನ್. ಬೇಗೂರಿನ ಕಡೆ ಅವಳ ಗಂಡನ ಊರು. ಬಾಳೆ, ಶುಂಠಿ ಬೆಳೆಯುತ್ತಾಳೆ. ಗಂಡ ತೀರಿಕೊಂಡಾಗ ಮನೆ ಮುಂದೆ ನಿಂತಿದ್ದ ಪಿಕಪ್ ಗಾಡಿಯನ್ನು ಏನು ಮಾಡುವುದು ಎಂದು ನಾವೆಲ್ಲ ಗಂಭೀರ ಮುಖ ಮಾಡಿಕೊಂಡು ಮಾತಾಡುತ್ತಿದ್ದೆವು. ತಿಂಗಳು ಕಳೆದ ಮೇಲೆ ನಾನು ಹೋಗಿ ನೋಡಿದರೆ, ಅವಳು ಕುಯ್ದ ಗದ್ದೆಯೊಳಗೆ ಗಾಡಿಯನ್ನು ಸುತ್ತು ಹೊಡೆಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತು ಮುಂದಕ್ಕೆ ಚಾಚಿ ಸ್ಟೀರಿಂಗ್ ಹಿಡಿದಿದ್ದಳು. ನಾನು ಬದುವಿನ ಮೇಲೆ ನಿಂತು "ನಿಧಾನ, ನಿಧಾನ" ಎಂದು ಕೂಗಿದೆ. "ನಿಧಾನವಾಗೇ ಓಡಿಸ್ತಾ ಇವ್ನಿ ಕಣಣ್ಣ, ನೀನು ನಿಧಾನವಾಗಿ ಕೂಗು" ಎಂದಳು. ಇವತ್ತಿಗೂ ನನಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬರುವುದಿಲ್ಲ. ಅವಳನ್ನು ಕಂಡರೆ ನನಗೆ ಹೆಮ್ಮೆ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು ಕೂಡ. ಮುಚ್ಚಿಟ್ಟು ಏನು ಪ್ರಯೋಜನ?

ಅವಳ ಜಮೀನಿಗೆ ಪಕ್ಕದ ಊರಿನಿಂದ ಏಳು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಬೆಳಿಗ್ಗೆ ಅದೇ ಪಿಕಪ್ಪಿನಲ್ಲಿ ಕರೆತರುತ್ತಾಳೆ, ಸಂಜೆ ಬಿಟ್ಟುಬರುತ್ತಾಳೆ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ಕೂರಿಸುವುದು ತಪ್ಪು. ಒಮ್ಮೆ ಇದನ್ನು ಮೇಷ್ಟರ ದನಿಯಲ್ಲೇ ಹೇಳಿದೆ. "ಆಯ್ತು ಕಣಣ್ಣ, ನಮ್ಮ ದಾರೀಲಿ ಒಂದು ಬಸ್ಸು ಬುಡಿಸ್ಕೊಡು. ಅವತ್ತಿಂದ ಕೂರ್ಸಕಿಲ್ಲ" ಎಂದಳು. ನಾನು ಅರ್ಜಿ ಬರೆದುಕೊಟ್ಟೆ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬಸ್ಸು ಇನ್ನೂ ಬಂದಿಲ್ಲ.

ಹೀಗಿರುವಾಗ ಶುಂಠಿ ಕೀಳುವ ಕಾಲದಲ್ಲಿ ಒಂದು ಸಂಜೆ ಆಗಬಾರದ್ದು ಆಯಿತು. ಗಾಡಿಯಲ್ಲಿ ಶುಂಠಿ ಚೀಲಗಳೂ ಇದ್ದವು, ಹೆಂಗಸರೂ ಇದ್ದರು. ಹಳ್ಳ ದಾಟಿ ಏರು ಹತ್ತುವಾಗ ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ಮುಂದಿನ ಚಕ್ರಕ್ಕೆ ನೆಲದ ಹಿಡಿತವೇ ತಪ್ಪಿ ಸ್ಟೀರಿಂಗ್ ಕೈಯಲ್ಲಿ ಸಡಿಲವಾಯಿತು. ಗಾಡಿ ಹಿಂದಕ್ಕೆ ಜಾರಿತು. ರತ್ನ ಗಾಬರಿಯಾದರೂ ಬುದ್ಧಿ ಕಳೆದುಕೊಳ್ಳದೆ ಅದನ್ನು ಬದುವಿಗೆ ತಾಗಿಸಿ ನಿಲ್ಲಿಸಿದಳು. ಎಲ್ಲರೂ ಉಳಿದರು. ಆದರೆ ಹೆಂಗಸರಲ್ಲೆಲ್ಲ ಹಿರಿಯಳಾದ ಪುಟ್ಟಮ್ಮನ ಸೊಂಟಕ್ಕೆ ಪಕ್ಕದ ಕಬ್ಬಿಣ ಬಡಿದು, ಎದ್ದು ನಡೆಯಲು ಮೂರು ವಾರ ಹಿಡಿಯಿತು.

ಅವತ್ತಿನಿಂದ ರತ್ನ ಗಾಡಿ ಮುಟ್ಟಲಿಲ್ಲ. ಕೀಲಿಯನ್ನು ಗೋಡೆಯ ಮೊಳೆಗೆ ತಗುಲಿಸಿ, ಜಮೀನಿಗೆ ನಡೆದೇ ಹೋಗಿಬರತೊಡಗಿದಳು. ಒಂದು ದಿನ ನನಗೆ ಫೋನ್ ಮಾಡಿದಳು.

"ಅಣ್ಣ, ಗಾಡಿ ಇಂದೆ ಕುಂತೋಯ್ತದೆ. ಯಾವ ಸ್ಪ್ರಿಂಗ್ ಆಕ್ಸಿದ್ರೆ ಸರಿ ಓಯ್ತದೆ? ಕೊಪ್ಪದಿಂದ ಒಬ್ರು ಗಾಡಿ ಕೇಳ್ಕಂಡು ಬಂದಿದ್ರು. ಇಲ್ಲಾಂದ್ರೆ ಕೊಟ್ಬುಡ್ತೀನಿ."

ನನ್ನ ತಂಗಿ ಹುಟ್ಟಿದಾಗಿನಿಂದ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದಳೆಂದರೆ ಹೆದರಿದ್ದಾಳೆ ಎಂದೇ ಅರ್ಥ. ಗಾಡಿ ಹೋದರೆ ಅವಳು ಮೂಲೆ ಹಿಡಿಯುತ್ತಾಳೆ ಎಂದು ನನಗೆ ಸಂಕಟವಾಯಿತು. ಅವಳನ್ನು ಮತ್ತೆ ಸ್ಟೀರಿಂಗ್ ಹಿಂದೆ ಕೂರಿಸಲೇಬೇಕು ಎಂದು ನಿಶ್ಚಯ ಮಾಡಿ, ಹೊಸ ನೋಟ್‌ಬುಕ್ ಒಂದನ್ನು ತಂದು, ಮೊದಲ ಪುಟದಲ್ಲಿ ‘ಸ್ಪ್ರಿಂಗ್’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಗೆರೆ ಎಳೆಯುವಾಗ ನೆನಪಾದದ್ದು ಮಾತ್ರ ನಮ್ಮ ಅಪ್ಪನ ಎತ್ತಿನ ಗಾಡಿ. ಕೆ.ಆರ್. ನಗರದ ಕಡೆ ನಮ್ಮದು ಕಾಲುವೆ ನೀರಿನ ಭತ್ತದ ಊರು. ಗಾಡಿಗೆ ಸ್ಪ್ರಿಂಗೂ ಇಲ್ಲ, ಗಿಸ್ಪ್ರಿಂಗೂ ಇಲ್ಲ. ಅಡಿಗೆ ಹಾಸಿದ ಹುಲ್ಲೇ ಎಲ್ಲ. ಆ ಹುಲ್ಲು ಅಂಗಿಯೊಳಗೆ ನುಗ್ಗಿ ಬೆನ್ನು ಕೆರೆದು ಕೆರೆದು ಕೆಂಪಾಗುತ್ತಿತ್ತು. ಮೂಟೆ ಹೇರಿದ ಮೇಲೆ ಅಪ್ಪ ಎತ್ತು ಕಟ್ಟುವ ಮೊದಲು ಗಾಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು, ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಏಳದೇ ಹೋದರೆ ಮುಂಬಾರ, ಎತ್ತಿನ ಕುತ್ತಿಗೆಗೆ ಕಷ್ಟ. ತಾನಾಗಿಯೇ ಮೇಲೆದ್ದರೆ ಹಿಂಬಾರ, ಎತ್ತಿನ ಕುತ್ತಿಗೆಯನ್ನೇ ನೊಗ ಮೇಲಕ್ಕೆ ಎಳೆಯುತ್ತದೆ. ಒಂದು ಮೂಟೆ ಅತ್ತ, ಒಂದು ಮೂಟೆ ಇತ್ತ ಸರಿಸಿ, ಕಡೆಗೆ ಉಳಿದ ಸಣ್ಣ ವ್ಯತ್ಯಾಸಕ್ಕೆ ಮಕ್ಕಳನ್ನು ಬಳಸುತ್ತಿದ್ದರು. "ರತ್ನ, ನೀನು ಅವ್ವನ ತಾವ ಮುಂದಕ್ ಬಾ. ನೀನ್ ಅಲ್ಲೇ ಇರ್ಲಾ" ಎನ್ನುತ್ತಿದ್ದರು. ಅವ್ವ ಯಾವಾಗಲೂ ಅಪ್ಪನ ಬೆನ್ನ ಹಿಂದೆ, ಕುಲುಕಾಟ ಕಡಿಮೆ ಇರುವ ಕಡೆ. ರತ್ನ ಅವ್ವನ ತೊಡೆಯ ಮೇಲೆ. ನಾನು ಹಿಂದೆ, ಗಾಡಿಯ ತುದಿಯಲ್ಲಿ, ಪ್ರತಿ ಹಳ್ಳಕ್ಕೂ ನಾಲಿಗೆ ಕಚ್ಚಿಕೊಳ್ಳುತ್ತ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ನನ್ನ ಉಪಯೋಗ ಏನಿದ್ದರೂ ತೂಕಕ್ಕೆ.

ಇರಲಿ. ನೋಟ್‌ಬುಕ್ ಹಿಡಿದು ನಾಲ್ಕಾರು ಅಂಗಡಿ ತಿರುಗಿದೆ. ಪಿಕಪ್ಪಿನ ಹಿಂದಿನ ಭಾರ ತಡೆಯಲು ಇಷ್ಟೊಂದು ಬಗೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬರು ರಬ್ಬರ್ ಗುಂಡು ತೋರಿಸಿದರು. ಇನ್ನೊಬ್ಬರು ಸುರುಳಿ ಸ್ಪ್ರಿಂಗ್ ತೋರಿಸಿದರು. ಮೈಸೂರಿನಲ್ಲಿ ಒಬ್ಬರು ಗಾಳಿ ತುಂಬುವ ಚೀಲ ತೋರಿಸಿ, ಬೇಕಾದಾಗ ಗಾಳಿ ತುಂಬಿ, ಬೇಡವಾದಾಗ ಬಿಡಿ ಎಂದರು. ಬಹಳ ಜನ ಹೇಳಿದ್ದು ಹಳೆಯ ಪದ್ಧತಿಯನ್ನೇ: ಬಾಗಿಸಿದ ಉಕ್ಕಿನ ಪಟ್ಟಿಗಳು, ಅಂದರೆ ಪ್ಲೇಟು, ಇರುವುದರ ಜೊತೆಗೆ ಇನ್ನಷ್ಟು. ಸೀರೆ ಅಂಗಡಿಯಲ್ಲಿ ಕೂತ ಗಂಡಸಿನ ಹಾಗೆ ಎಲ್ಲವನ್ನೂ ಮುಟ್ಟಿ ನೋಡಿ, ಎಲ್ಲವೂ ಚೆನ್ನಾಗಿದೆ ಎಂದು ಎದ್ದು ಬಂದೆ. ಆಮೇಲೆ ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕಿದೆ. ಚೀಲ ಇಷ್ಟು, ಚೀಲದ ತೂಕ ಇಷ್ಟು, ಹೆಂಗಸರು ಏಳು. ಉತ್ತರ ಬಂತು: ಸಿಗುವುದರಲ್ಲಿ ಅತಿ ದಪ್ಪನೆಯ ಪ್ಲೇಟು, ಒಂದೊಂದು ಕಡೆಗೆ ಮೂರು. ಖಾಲಿಯಿದ್ದಾಗ ಹಿಂಭಾಗ ಆಕಾಶ ನೋಡುತ್ತಿರುವ ಗಾಡಿಯೇ ಗಟ್ಟಿ ಗಾಡಿ ಎಂದು ನಮ್ಮ ಕಡೆ ಒಂದು ಅಭಿಪ್ರಾಯವಿದೆ. ಪಿರಿಯಾಪಟ್ಟಣದ ರಸ್ತೆಯಲ್ಲಿ ಹೊಗೆಸೊಪ್ಪಿನ ಕಾಲದಲ್ಲಿ ನಿಂತು ನೋಡಿದರೆ, ಅರ್ಧ ಗಾಡಿಗಳು ಹಾಗೇ ಹಿಂಭಾಗ ಎತ್ತಿಕೊಂಡು ಹೋಗುತ್ತಿರುತ್ತವೆ. ವಿಜ್ಞಾನದ ಮೇಷ್ಟರೂ ಊರಿನ ಅಭಿಪ್ರಾಯವೂ ಒಂದೇ ಕಡೆ ಸೇರಿದ ಮೇಲೆ ಇನ್ನೇನು ಬೇಕು?

ಆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಹಿಡಿದು ನಂಜುಂಡಾಚಾರಿ ಅವರ ಹತ್ತಿರ ಹೋದೆವು. ಹುಣಸೂರಿನ ಹೊರಗೆ ಪಿರಿಯಾಪಟ್ಟಣದ ದಾರಿಯಲ್ಲಿ ಅವರ ಶೆಡ್ಡು. ಅವರ ತಾತ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟ ಕಾಯಿಸಿ ಕೂರಿಸುತ್ತಿದ್ದರಂತೆ. ಮೊಮ್ಮಗ ಲಾರಿ, ಪಿಕಪ್ಪುಗಳ ಪ್ಲೇಟು ಕಟ್ಟುತ್ತಾರೆ. ಗಾಡಿಯನ್ನು ಪಕ್ಕದ ಜಮೀನಿನವರು ಓಡಿಸಿಕೊಂಡು ಬಂದಿದ್ದರು. ರತ್ನ ಪಕ್ಕದ ಸೀಟಿನಲ್ಲಿ ಬಾಗಿಲ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದಳು. 

ಆಚಾರಿ ನನ್ನ ಚೀಟಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಬರವಣಿಗೆ ಭಾಳ ಚೆಂದಾಗದೆ ಸಾರ್" ಎಂದು ಮಡಿಸಿ ಜೇಬಿಗೆ ಹಾಕಿಕೊಂಡರು. ಮತ್ತೆ ಅದನ್ನು ತೆಗೆಯಲಿಲ್ಲ. ರತ್ನಳ ಕಡೆ ತಿರುಗಿ, "ಅಮ್ಮ, ನೀವು ಗಾಡಿಗೆ ಚೀಲ ಎಂಗೆ ಏರ್ತೀರಿ? ತೋರ್ಸಿ" ಎಂದರು.

ಶೆಡ್ಡಿನ ಮೂಲೆಯಲ್ಲಿ ಮರಳು ತುಂಬಿದ ಚೀಲಗಳಿದ್ದವು. ಯಾವ ಗಾಡಿ ಬಂದರೂ ಅವರು ಮೊದಲು ಮಾಡುವ ಕೆಲಸ ಇದೇ ಅಂತೆ. ಎಷ್ಟು ಹೇರುತ್ತೀರಿ ಎಂದು ಕೇಳುವುದಿಲ್ಲ, ಹೇಗೆ ಹೇರುತ್ತೀರಿ ಎಂದು ನೋಡುತ್ತಾರೆ. ರತ್ನ ಹೇಳಿದ ಹಾಗೆ ಅವರ ಆಳುಗಳು ಚೀಲ ಜೋಡಿಸಿದರು. ಗಾಡಿಯ ತುದಿಯಿಂದ ಶುರುವಾಗಿ ಹಿಂದಿನ ಚಕ್ರದ ಅಚ್ಚಿನ ತನಕ ಎರಡು ಚೀಲದೆತ್ತರ ಆಯಿತು. ಕ್ಯಾಬಿನ್ನಿನ ಬೆನ್ನಿಗೆ ಮಾತ್ರ ಜಾಗ ಹಾಗೇ ಖಾಲಿ ಉಳಿಯಿತು.

"ಅಲ್ಲಿ ಯಾಕಮ್ಮ ಬುಟ್ರಿ?"

"ಅದು ಎಂಗಸ್ರು ಕೂರೋ ಜಾಗ ಕಣ್ರೀ. ಅಲ್ಲಿ ಕುಲುಕಾಟ ಕಮ್ಮಿ, ಗಾಳೀನೂ ಒಡೆಯಕಿಲ್ಲ. ನಾನು ಅವರ್ಗೆ ಅಲ್ಲೇ ಜಾಗ ಕೊಡಾದು."

ಆಚಾರಿ ಗಾಡಿಯ ಮುಂದೆ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಒತ್ತಿ, ಬಿಟ್ಟರು. ಮೂತಿ ಹಗುರವಾಗಿ ಮೇಲೆದ್ದಿತು.

"ಇಂಬಾರ ಆಗದೆ ಕಣಮ್ಮ" ಎಂದರು. "ಭಾರ ಎಲ್ಲಾ ಅಚ್ಚಿನ ಇಂದೆ ಬಿದ್ದದೆ. ಪ್ಲೇಟ್ ಬಡವಾಗಿಲ್ಲ. ಒಳ್ಳೇ ಜಾಗನೆಲ್ಲ ಎಂಗಸ್ರಿಗೆ ಕೊಟ್ಬುಟ್ಟಿದ್ದೀರಿ, ಅಷ್ಟೇಯ."

ನನಗೆ ನಾಚಿಕೆಯಾದದ್ದು ಅಷ್ಟಿಷ್ಟಲ್ಲ. ಮೂಕಿ ಎತ್ತಿ ನೋಡುತ್ತಿದ್ದ ಅಪ್ಪನ ಮಗ ನಾನು. ನೋಟ್‌ಬುಕ್ಕಿನಲ್ಲಿ ಎಂಟು ಪುಟ ಲೆಕ್ಕ ಮಾಡಿದ್ದೆ, ಒಮ್ಮೆಯಾದರೂ ಭಾರ ಎಲ್ಲಿದೆ ಎಂದು ಕೇಳಿಕೊಂಡಿರಲಿಲ್ಲ. ರತ್ನ ತಪ್ಪು ಮಾಡಿದ್ದಳು, ಆದರೆ ಅಂಥ ತಪ್ಪನ್ನು ಅವಳಂಥವಳೇ ಮಾಡಬೇಕು. ನಾನಾಗಿದ್ದರೆ ಶುಂಠಿಗೆ ಒಳ್ಳೆಯ ಜಾಗ ಕೊಟ್ಟು, ಹೆಂಗಸರನ್ನು ತುದಿಯಲ್ಲಿ ಕೂರಿಸಿರುತ್ತಿದ್ದೆ. ಗಾಡಿ ಸುಸೂತ್ರವಾಗಿ ಏರು ಹತ್ತಿರುತ್ತಿತ್ತು.

"ಹಾಗಾದ್ರೆ ನಾನು ಹೇಳಿದ ಪ್ಲೇಟು?" ಎಂದೆ, ಆಸೆ ಬಿಡದೆ.

"ಆಕಬೌದು ಸಾರ್. ಆಕಿದ್ರೆ ಶುಂಠಿಗೆ ಸುಖ. ಖಾಲಿ ಗಾಡೀಲಿ ಕೂತವರ ಗತಿ? ಒಂದೊಂದು ಅಳ್ಳಕ್ಕೂ ಎಗರಿ ಎಗರಿ ಬೀಳ್ತರೆ. ಎಲ್ಪರ್ ಅನ್ನೋದು ಯಾವಾಗ್ಲೂ ಒತ್ಕಂಡೇ ಇರಬಾರ್ದು. ಭಾರ ಬಂದಾಗ ಮಾತ್ರ ಮುಟ್ಬೇಕು." ಆಮೇಲೆ ರತ್ನಳಿಗೆ, "ನಾಳಿಕ್ಕೆ ಆ ಎಂಗಸ್ರನ್ನೆಲ್ಲ ಒಂದ್ಸಲ ಕರ್ಕಂಡ್ ಬನ್ನಿ. ಅವರ ಭಾರ ನೋಡ್ದೆ ನಾನು ಕಟ್ಟಕಿಲ್ಲ" ಎಂದರು. ಮರಳು ಚೀಲ ಇಟ್ಟುಕೊಂಡೇ ನೋಡಬಹುದಲ್ಲ ಎಂದೆ. "ಮರಳು ಮಾತಾಡಕಿಲ್ಲ ಸಾರ್. ಎಲ್ಲಿ ನೋಯ್ತದೆ ಅಂತ ಯೋಳಬೇಕಲ್ಲ" ಎಂದರು.

ಮಾರನೆಯ ದಿನ ಏಳು ಜನವೂ ದೊಡ್ಡ ರಸ್ತೆಯ ತನಕ ನಡೆದು, ಅಲ್ಲಿಂದ ಬಸ್ಸು ಹಿಡಿದು ಹುಣಸೂರಿಗೆ ಬಂದರು. ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು, ಹೆಣ್ಣು ನೋಡಲು ಹೊರಟವರ ಹಾಗಿದ್ದರು. ಪುಟ್ಟಮ್ಮನೂ ಸೊಂಟ ಹಿಡಿದುಕೊಂಡು ಬಂದಿದ್ದಳು. ಎಲ್ಲರನ್ನೂ ಪಿಕಪ್ಪಿಗೆ ಹತ್ತಿಸಿ ಕೂರಿಸಲಾಯಿತು. ಆಚಾರಿ ಕೆಳಗೆ ಗೋಣಿ ಹಾಸಿ ಮಲಗಿ ಗಾಡಿಯ ಅಡಿಗೆ ಸರಿದರು.

"ಅಯ್ಯೋ ಶಿವನೇ, ನಮ್ಮನ್ನೇ ತೂಕಕ್ಕಿಟ್ರಲ್ಲಪ್ಪ!" ಎಂದಳು ಪುಟ್ಟಮ್ಮ. "ಮೇಷ್ಟ್ರೇ, ನಿಂತ್ಕಂಡು ಏನ್ ನೋಡ್ತೀರಿ? ಬರ್ಕಳಿ, ಪುಟ್ಟಮ್ಮ ಇಷ್ಟು ಕೇಜಿ ಅಂತ."

ನಾನು ನಿಜಕ್ಕೂ ನೋಟ್‌ಬುಕ್ ತೆರೆದಿದ್ದೆ. ಮುಚ್ಚಿದೆ. ಏಳೂ ಜನ ಗಾಡಿ ಅಲುಗುವಂತೆ ನಕ್ಕರು. "ನಗಬ್ಯಾಡಿ ತಾಯಂದ್ರಾ, ಸಂದು ಸಿಗ್ತಾ ಇಲ್ಲ" ಎಂದು ಅಡಿಯಿಂದ ಆಚಾರಿಯ ದನಿ ಬಂತು. ಅದಕ್ಕೆ ಇನ್ನಷ್ಟು ನಗು.

ಅವರು ಮಾಡಿದ ಕೆಲಸ ಇಷ್ಟು. ಮೊದಲಿದ್ದ ಪ್ಲೇಟುಗಳನ್ನು ಹಾಗೇ ಬಿಟ್ಟು, ಅವುಗಳ ಮೇಲೆ ಎರಡು ಪ್ಲೇಟಿನ ಚಿಕ್ಕದೊಂದು ಕಟ್ಟು ಕೂರಿಸಿದರು, ಇದೇ ಹೆಲ್ಪರ್. ಆ ಕಟ್ಟಿನ ತುದಿಗಳು ಗಾಡಿಯ ಮೈಗೆ ತಾಗುವುದಿಲ್ಲ. ಖಾಲಿ ಇದ್ದಾಗ ನಡುವೆ ಎರಡು ಬೆರಳಿನ ಸಂದು. ಹೆಂಗಸರು ಕೂತರೆ ಸಂದು ಒಂದು ಬೆರಳಿಗೆ ಇಳಿಯುತ್ತದೆ, ಆದರೆ ತಾಗುವುದಿಲ್ಲ. ಶುಂಠಿ ಹೇರಿದಾಗ ಗಾಡಿ ಇನ್ನಷ್ಟು ಇಳಿದು ಈ ಚಿಕ್ಕ ಕಟ್ಟಿನ ಮೇಲೆ ಕೂರುತ್ತದೆ, ಅಲ್ಲಿಂದ ಮುಂದಕ್ಕೆ ಅದು ಹೆಗಲು ಕೊಡುತ್ತದೆ. ಆ ಸಂದು ಸರಿಯಾಗಿ ಬರಲು ಅವರು ಪ್ಲೇಟುಗಳನ್ನು ನಾಲ್ಕು ಸಲ ಬಿಚ್ಚಿದರು, ಬಡಿದು ಬಾಗು ತಿದ್ದಿದರು, ಮತ್ತೆ ಕಟ್ಟಿದರು. ಅಳತೆಗೆ ಸಾಧನ ತಮ್ಮದೇ ಬೆರಳು. ಪ್ರತಿ ಸಲವೂ ಹೆಂಗಸರು ಹತ್ತಬೇಕು, ಇಳಿಯಬೇಕು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಷ್ಟು ಶ್ರದ್ಧೆಯಿಂದ ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಸ್ಪ್ರಿಂಗ್ ಪಾಠ ಮಾಡಿರಲಿಲ್ಲ. ಗೋಣಿಯ ಮೇಲೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರುತ್ತಿದ್ದರೂ ಬೆರಳು ತೂರಿಸಿ ತೂರಿಸಿ ನೋಡುತ್ತಿದ್ದ ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸಿತು. ಮುಗಿದೆ ಕೂಡ, ಅವರು ಅಡಿಯಲ್ಲಿದ್ದುದರಿಂದ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ರತ್ನಳಿಗೆ ಖಡಾಖಂಡಿತವಾಗಿ ಹೇಳಿದರು. "ಇನ್ಮೇಲೆ ಶುಂಠಿ ಮುಂದಕ್ಕೆ ಏರಬೇಕು, ಕ್ಯಾಬಿನ್ಗೆ ಒತ್ತಿ. ಶುಂಠಿ ಇದ್ದಾಗ ಜನ ಇಲ್ಲ, ಜನ ಇದ್ದಾಗ ಶುಂಠಿ ಇಲ್ಲ. ಎರಡು ಟ್ರಿಪ್ ಆಗ್ಲಿ. ಇನ್ನೊಂದು ಮಾತು, ಪ್ಲೇಟು ಆಕ್ಸಿವ್ನಿ ಅಂತ ನಾಲ್ಕು ಚೀಲ ಜಾಸ್ತಿ ಆಕಬ್ಯಾಡಿ. ಪ್ಲೇಟ್ ದಪ್ಪ ಆದ್ರೆ ಬ್ರೇಕು ದಪ್ಪ ಆಗಕಿಲ್ಲ."

ರತ್ನ ತಲೆಯಾಡಿಸಿದಳು. ಗಾಡಿ ವಾಪಸು ಒಯ್ಯಲು ಬಂದಿದ್ದ ಪಕ್ಕದ ಜಮೀನಿನವರು ಕೀಲಿ ಕೈಗೆ ತೆಗೆದುಕೊಂಡರು. ಆಗ ಪುಟ್ಟಮ್ಮ ಗಾಡಿಯ ಮೇಲಿಂದಲೇ ಹೇಳಿದಳು.

"ರತ್ನವ್ವ, ನೀನು ಓಡಿಸ್ದೆ ಓದ್ರೆ ನಾವು ಯಾರೂ ಈ ಗಾಡಿ ಅತ್ತಕಿಲ್ಲ, ಈಗಲೇ ಯೋಳಿವ್ನಿ. ಅವತ್ತು ಬೇರೆ ಯಾರಾರ ಓಡಿಸ್ತಾ ಇದ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ಸೊಂಟ ತಾನೆ ಮುರಿದಿದ್ದು, ಬುಡು."

ರತ್ನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು, ಬಹಳ ಹೊತ್ತು ತೊಳೆದುಕೊಂಡಳು. ವಾಪಸು ಬಂದು ಪಕ್ಕದ ಜಮೀನಿನವರ ಕೈಯಿಂದ ಕೀಲಿ ತೆಗೆದುಕೊಂಡು, ಇವತ್ತೊಂದು ದಿನ ಖಾಲಿ ಗಾಡಿಯನ್ನೇ ಓಡಿಸುತ್ತೇನೆ ಎಂದಳು. ಹೆಂಗಸರು ಬಸ್ ಸ್ಟ್ಯಾಂಡಿಗೆ ಹೋದರು, ಗಾಡಿ ತಂದಿದ್ದವರೂ ಅವರ ಜೊತೆಗೇ ಹೊರಟರು. ಖಾಲಿ ಗಾಡಿಯನ್ನು ರತ್ನ ಊರಿಗೆ ಓಡಿಸಿದಳು. ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ಮೂವತ್ತು ದಾಟಲಿಲ್ಲ. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿದವು.

ಆದರೂ ಆ ಏರು ಇತ್ತಲ್ಲ. ಅವಳ ಧೈರ್ಯಕ್ಕೆ ಒಂದು ವಾರ ಜೊತೆಯಲ್ಲೇ ಇರುತ್ತೇನೆ ಎಂದು ಘೋಷಿಸಿ, ಬ್ಯಾಗು ತುಂಬಿಕೊಂಡೇ ಹೋಗಿದ್ದೆ. ಮರುದಿನ ಶುಂಠಿ ಹೇರಿದರು, ಕ್ಯಾಬಿನ್ನಿಗೆ ಒತ್ತಿ, ಆಚಾರಿ ಹೇಳಿದಷ್ಟೇ. ಹಳ್ಳ ದಾಟಿದೆವು. ನಾನು ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಸೀಟು ಹಿಡಿದು, "ಗೇರು ಇಳಿಸು. ಎಡಕ್ಕೆ ತಗೋ. ಸ್ವಲ್ಪ ರೇಸು. ಅಯ್ಯೋ ಅಷ್ಟಲ್ಲ" ಎನ್ನುತ್ತಲೇ ಇದ್ದೆ. ರತ್ನಳ ಮೇಲುತುಟಿಯ ಮೇಲೆ ಬೆವರು ಮೂಡಿತ್ತು.  ಗಾಡಿ ಗುರುಗುಟ್ಟುತ್ತ, ಮೂತಿಯನ್ನು ನೆಲಕ್ಕೆ ಊರಿಕೊಂಡೇ ಹತ್ತಿತು. ಅವತ್ತು ಜಾರಿದ ಜಾಗ ಬಂತು, ದಾಟಿತು. ಏರಿನ ನೆತ್ತಿಯಲ್ಲಿ ಅವಳು ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ಅಡಿಗೆ ಇಣುಕಿದಳು. ನಾನೂ ಇಣುಕಿದೆ. ಸಂದು ಮುಚ್ಚಿತ್ತು. ಚಿಕ್ಕ ಪ್ಲೇಟುಗಳು ಭಾರಕ್ಕೆ ಬೆನ್ನು ಕೊಟ್ಟು ಗಟ್ಟಿಯಾಗಿ ಕೂತಿದ್ದವು. ಅವಳು ಒಂದು ಬೆರಳು ಚಾಚಿ ಅದನ್ನು ಮುಟ್ಟಿ ನೋಡಿದಳು. ಆಮೇಲೆ ಎದ್ದು, ಏನೂ ಆಗದವಳಂತೆ ಸೆರಗು ಕೊಡವಿಕೊಂಡಳು.

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹತ್ತಿರ ಶುಂಠಿ ತೊಳೆಯುವ ಕಡೆ ಚೀಲ ಇಳಿಸಿದೆವು. ಇನ್ನು ವಾಪಸು ಹೋಗಿ ಹೆಂಗಸರನ್ನು ಊರಿಗೆ ಬಿಡಬೇಕು. ನಾನು ಮತ್ತೆ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡು, "ಸಂಜೆ ಹೊತ್ತು ಎದುರುಗಡೆ ಬಿಸಿಲಿರುತ್ತೆ, ಇಳಿಜಾರಿನಲ್ಲಿ ಮಾತ್ರ ನಾನು ಹೇಳಿದ ಹಾಗೆ" ಎಂದು ಶುರುಮಾಡಿದ್ದೆ. ರತ್ನ ಗಾಡಿಯನ್ನು ಬಸ್ಸು ನಿಲ್ಲುವ ಕಡೆ ತಂದು ನಿಲ್ಲಿಸಿದಳು.

"ಅಣ್ಣ, ಇಳಿ."

"ಯಾಕೆ?"

"ಉಣಸೂರ ಬಸ್ಸು ಈಗ ಬತ್ತದೆ. ಪುಟ್ಟಮ್ಮನ ಸೊಂಟ ಇನ್ನೂ ಸರಿ ಓಗಿಲ್ಲ, ಅವಳು ಇಲ್ಲಿ ಕೂತ್ಕಬೇಕು."

"ಒಂದು ವಾರ ಇರ್ತೀನಿ ಅಂದಿದ್ನಲ್ಲೇ!"

"ನೀನು ಪಕ್ಕದಲ್ಲಿದ್ರೆ ನಂಗೆ ಭಯ ಆಯ್ತದೆ ಕಣಣ್ಣ" ಎಂದಳು. ನಗುತ್ತಿದ್ದಳು. ಆ ನಗು ನೋಡಿ ಎಷ್ಟು ದಿನವಾಗಿತ್ತು! "ಕಷ್ಟ ಬಂದ್ರೆ ಫೋನ್ ಮಾಡ್ತೀನಿ ಬುಡು."

ಅವಳು ಬೆಳಿಗ್ಗೆಯೇ ಸೀಟಿನ ಹಿಂದೆ ತಂದಿಟ್ಟಿದ್ದ ನನ್ನ ಬ್ಯಾಗು ಹಿಡಿದು ಇಳಿದೆ. ಅವಳು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಹಾರನ್ ಒತ್ತಿ, ಒಂದೇ ಏಟಿಗೆ ಗಾಡಿ ತಿರುಗಿಸಿದಳು. ಮೂವತ್ತಂತೂ ಅಲ್ಲ, ಐವತ್ತರಲ್ಲೇ ಹೋದಳು. ನಿಧಾನ ಎಂದು ಕೂಗಲು ಬಾಯಿ ತೆರೆದೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಗಾಡಿ ಕಣ್ಮರೆಯಾಗುವ ತನಕ ನಿಂತು, ಬಂದ ಹುಣಸೂರಿನ ಬಸ್ಸು ಹತ್ತಿದೆ.